ಸೋಪಿನ ಪುಡಿಗೆ ಎರಡು ಕಾನೂನು

[ದೃಶ್ಯ: ಬಚ್ಚಲುಮನೆ ಕಟ್ಟೆಯ ಮೇಲೆ ಅರ್ಧ ಖಾಲಿಯಾದ ಸೋಪಿನ ಪುಡಿ ಪ್ಯಾಕೆಟ್]

ನಮಸ್ಕಾರ. ಇಂಥದ್ದೊಂದು ಪ್ಯಾಕೆಟ್ ನಿಮ್ಮ ಮನೆಯಲ್ಲೂ ಇರುತ್ತದೆ, ಅಲ್ವಾ? ಇದರೊಳಗೆ ಸೋಡಾ ಆಶ್ ಎಂಬ ಬಿಳಿ ಪುಡಿ ಇದೆ. ಗಾಜು ಮಾಡುವುದಕ್ಕೂ ಅದೇ ಬೇಕು.

ನಮ್ಮಲ್ಲಿ ಇದು ಹೆಚ್ಚಾಗಿ ತಯಾರಾಗುವುದು ಗುಜರಾತಿನಲ್ಲಿ, ಉಪ್ಪು ಮತ್ತು ಸುಣ್ಣದ ಕಲ್ಲಿನಿಂದ. ಅಮೆರಿಕದ ವಯೋಮಿಂಗ್‌ನಲ್ಲಿ ಅಷ್ಟು ಕಷ್ಟ ಇಲ್ಲ. ಟ್ರೋನಾ ಎಂಬ ಖನಿಜ ನೆಲದಡಿಯಲ್ಲೇ ಇದೆ. ಅಗೆದು ಶುದ್ಧ ಮಾಡಿದರೆ ಆಯಿತು. ಖರ್ಚು ಕಡಿಮೆ.

[ದೃಶ್ಯ: ವಯೋಮಿಂಗ್ ನಕ್ಷೆ, ಹಡಗು]

ಅಲ್ಲಿನ ಕಂಪನಿಗಳು ತಮ್ಮ ದೇಶದೊಳಗೆ ಪೈಪೋಟಿ ನಡೆಸಲೇಬೇಕು. ಒಟ್ಟಿಗೆ ಕೂತು ರೇಟು ಮಾತಾಡಿಕೊಂಡರೆ ಅಪರಾಧ. ಆದರೆ ರಫ್ತಿಗೆ ಅನ್‌ಸ್ಯಾಕ್ ಎಂಬ ಒಂದೇ ಕೂಟ ಕಟ್ಟಿಕೊಂಡವು. 1918ರ ವೆಬ್-ಪಾಮರೀನ್ ಕಾಯ್ದೆ ಇಂಥ ಕೂಟಗಳಿಗೆ ವಿನಾಯಿತಿ ಕೊಡುತ್ತದೆ. ನಮ್ಮ ಮನೆಯವರ ಜೇಬು ಮುಟ್ಟಬೇಡಿ, ಪಕ್ಕದ ಮನೆಯದ್ದು ನಿಮ್ಮಿಷ್ಟ ಅಂದ ಹಾಗೆ.

1996ರಲ್ಲಿ ಈ ಕೂಟದ ಮಾಲು ಭಾರತಕ್ಕೆ ಹೊರಟಾಗ, ಮಾರುಕಟ್ಟೆಯಲ್ಲಿ ಪೈಪೋಟಿ ಕಾಯುತ್ತಿದ್ದ ಆಗಿನ ಎಂಆರ್‌ಟಿಪಿ ಆಯೋಗಕ್ಕೆ ದೂರು ಹೋಯಿತು. ದೂರು ಕೊಟ್ಟವರು ಕೊಳ್ಳುವವರಲ್ಲ, ಇಲ್ಲಿನ ತಯಾರಕರು. ರೇಟು ಜಾಸ್ತಿ ಅಂತ ಅಲ್ಲ, ತೀರಾ ಕಡಿಮೆ ಅಂತ! ಆಯೋಗ ತಡೆಯಾಜ್ಞೆ ಕೊಟ್ಟಿತು. ಪೈಪೋಟಿ ಕಾಯಬೇಕಾದವರು ಸುಂಕದ ಕಟ್ಟೆಯವರ ಕೆಲಸ ಮಾಡಿದರು ಅಂತ ನನಗನಿಸುತ್ತದೆ.

2002ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆಮದನ್ನೇ ನಿಲ್ಲಿಸುವ ಅಧಿಕಾರ ಆಯೋಗಕ್ಕಿಲ್ಲ, ಅಗ್ಗದ ಮಾಲು ತಂದು ಸುರಿಯುತ್ತಿದ್ದರೆ ಆಂಟಿ-ಡಂಪಿಂಗ್ ಸುಂಕ ಹಾಕುವ ದಾರಿ ಬೇರೆಯೇ ಇದೆ ಅಂದಿತು.

ಎರಡು ನೀತಿಗಳು ಗುದ್ದಾಡುವುದು ಇಲ್ಲೇ. ಇಲ್ಲಿನ ಕಾರ್ಖಾನೆಗೆ ಪೆಟ್ಟು ಬಿತ್ತಾ ಅಂತ ಆಂಟಿ-ಡಂಪಿಂಗ್ ಕೇಳುತ್ತದೆ. ಪೈಪೋಟಿ ಸತ್ತು ಕೊಳ್ಳುವವನಿಗೆ ಮೋಸ ಆಯಿತಾ ಅಂತ ಸ್ಪರ್ಧಾ ಕಾನೂನು ಕೇಳುತ್ತದೆ. ಹಡಗು ಒಂದೇ, ಉತ್ತರ ಎರಡು. ಸ್ಪರ್ಧಾ ಕಾನೂನಿಗೂ ಒಂದು ಜಾಗತಿಕ ನಿಯಮ ಬೇಕಾ ಎಂಬ ಚರ್ಚೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲೂ 1996ರಲ್ಲೇ ಶುರುವಾಗಿತ್ತು. 2004ರಲ್ಲಿ ಮಾತುಕತೆಯ ಪಟ್ಟಿಯಿಂದಲೇ ಅದನ್ನು ಕೈಬಿಟ್ಟರು. ಬೇಡ ಅಂದವರಲ್ಲಿ ಭಾರತವೂ ಇತ್ತು.

[ದೃಶ್ಯ: 2002ರ ಸ್ಪರ್ಧಾ ಕಾಯ್ದೆ, ಸೆಕ್ಷನ್ 32]

ನಮ್ಮ ಹೊಸ ಕಾಯ್ದೆಯಲ್ಲಿ ಹೊರದೇಶದ ಒಪ್ಪಂದದಿಂದ ಇಲ್ಲಿನ ಮಾರುಕಟ್ಟೆ ಕೆಟ್ಟರೂ ವಿಚಾರಣೆ ಮಾಡಬಹುದು. ಒಳ್ಳೆಯದೇ. ಆದರೆ ಸೆಕ್ಷನ್ 3 ಓದಿ ನೋಡಿ: ರಫ್ತಿಗೆಂದೇ ಮಾಡಿಕೊಂಡ ಒಪ್ಪಂದಕ್ಕೆ ನಾವೂ ವಿನಾಯಿತಿ ಕೊಟ್ಟಿದ್ದೇವೆ.

ಇನ್ನೊಂದು ಮಾತು. ಗುಜರಾತಿನ ಮೀಠಾಪುರದಲ್ಲಿ ಸೋಡಾ ಆಶ್ ಮಾಡುವ ಟಾಟಾ ಕೆಮಿಕಲ್ಸ್ 2008ರಲ್ಲಿ ವಯೋಮಿಂಗ್‌ನ ಒಂದು ಕಂಪನಿಯನ್ನು ಕೊಂಡುಕೊಂಡಿತು. ಆ ಕಂಪನಿ ಆಗ ಯಾವ ಕೂಟದ ಸದಸ್ಯವಾಗಿತ್ತು ಅಂತೀರಿ? ಅನ್‌ಸ್ಯಾಕ್.