ಬೇರೆ ಒಲೆ ಹೂಡಿದವರು

ಕೇಳುಗರಿಗೆ ನಮಸ್ಕಾರ.

2010ರ ಬೇಸಿಗೆ. ಜನಗಣತಿಗೆ ಮುಂಚಿನ ಮನೆಪಟ್ಟಿಯ ಕೆಲಸಕ್ಕೆ ಮೇಷ್ಟರುಗಳನ್ನು ಹಾಕಿದ್ದರು. ನನಗೆ ಸಿಕ್ಕಿದ್ದು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ಸೈಕಲ್ ಇದೆಯೇ, ರೇಡಿಯೋ ಇದೆಯೇ, ಅಡುಗೆ ಸೌದೆಯಲ್ಲೋ ಗ್ಯಾಸಿನಲ್ಲೋ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ರೇಡಿಯೋ ಇದ್ದ ಮನೆಗಳು ಆಗಲೇ ಕಡಿಮೆಯಾಗಿದ್ದವು. ಇವತ್ತು ನೀವು ಕೇಳುತ್ತಿದ್ದೀರಲ್ಲ, ಅಷ್ಟು ಸಾಕು.

ನಮಗೆ ಕೊಟ್ಟ ಕೈಪಿಡಿಯ ಪ್ರಕಾರ ಒಟ್ಟಿಗೆ ವಾಸವಿದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಓದುವುದಕ್ಕೆ ಸುಲಭ. ಒಂದು ಮನೆಗೆ ಹೋದೆ. ಒಳಗೆ ಸೊಸೆ ಗ್ಯಾಸಿನ ಮೇಲೆ ಅನ್ನಕ್ಕೆ ಇಟ್ಟಿದ್ದಳು. ಹಿತ್ತಲಿನಲ್ಲಿ ಅತ್ತೆ ನೀಲಗಿರಿ ಸೌದೆ ಉರಿಸಿಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಮುದ್ದೆ ತೊಳಸುತ್ತಿದ್ದರು. "ನಿಮ್ಮದು ಒಂದೇ ಒಲೆಯೋ, ಎರಡೋ?" ಎಂದು ಕೇಳಿದೆ. "ಒಲೆ ಎರಡು, ಸಾರು ಒಂದೇ ಮೇಷ್ಟ್ರೇ" ಎಂದರು. ಕೈಪಿಡಿಯಲ್ಲಿ ಸಾರಿನ ವಿಚಾರ ಇರಲಿಲ್ಲ. ಒಂದೇ ಕುಟುಂಬ ಎಂದು ಬರೆದೆ. ಇಂಧನದ ಕಾಲಂನಲ್ಲಿ ಗ್ಯಾಸ್ ಎಂದು ತುಂಬಿದೆ. ಸೌದೆಯ ಹೊಗೆ ಆ ಅಜ್ಜಿಯ ಕಣ್ಣಿಗಷ್ಟೇ ಲೆಕ್ಕಕ್ಕೆ ಸಿಕ್ಕಿತು.

ಬಡವರನ್ನು ಎಣಿಸುವುದರಲ್ಲಿ ಎರಡು ತಕರಾರುಗಳಿವೆ. ಬಡತನದ ಗೆರೆ ಎಲ್ಲಿ ಎಳೆಯಬೇಕು ಎನ್ನುವುದು ಒಂದು. ಇದರ ಬಗ್ಗೆ ಗದ್ದಲ ಬೇಕಾದಷ್ಟು ಆಗಿದೆ. ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವವರು ಬಡವರಲ್ಲ ಎಂದು 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಹೇಳಿದಾಗ ದೇಶವೇ ಬೈದದ್ದು ನಿಮಗೆ ನೆನಪಿರಬಹುದು. ಬಡತನ ಅಳೆಯಲು ಸರ್ಕಾರವೇ ನೇಮಿಸಿದ್ದ ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ ಎಣಿಸಿದರೆ 2011–12ರಲ್ಲಿ ನೂರಕ್ಕೆ 21.9 ಮಂದಿ ಬಡವರು. ಅದರ ನಂತರ ಬಂದ ರಂಗರಾಜನ್ ಸಮಿತಿ 2014ರಲ್ಲಿ ಅದೇ ವರ್ಷವನ್ನು ತನ್ನ ಅಳತೆಯಲ್ಲಿ ಎಣಿಸಿ 29.5 ಎಂದಿತು. ನಡುವೆ ಒಂಬತ್ತು ಕೋಟಿಗೂ ಹೆಚ್ಚು ಜನ. ಅವರು ಎಲ್ಲಿಗೂ ಹೋಗಿರಲಿಲ್ಲ, ಎಲ್ಲಿಂದಲೂ ಬಂದಿರಲಿಲ್ಲ.

ಮಲೇಷಿಯಾದ ಕಥೆ ಇನ್ನೂ ಸೊಗಸು. ಗಗನಚುಂಬಿ ಕಟ್ಟಡಗಳ ಆ ದೇಶದಲ್ಲಿ 2016ರಲ್ಲಿ ಬಡ ಕುಟುಂಬಗಳು ನೂರಕ್ಕೆ ಬರೀ 0.4 ಇದ್ದವು. 2020ರಲ್ಲಿ ಸರ್ಕಾರ ಗೆರೆಯನ್ನು ಕುಟುಂಬಕ್ಕೆ ತಿಂಗಳಿಗೆ 980 ರಿಂಗಿಟ್‌ ಆದಾಯದಿಂದ 2,208ಕ್ಕೆ ಏರಿಸಿತು. ಹಳೆಯ ವರ್ಷವನ್ನು ಹೊಸ ಗೆರೆಯಲ್ಲಿ ನೋಡಿದರೆ 0.4 ಹೋಗಿ 7.6 ಆಯಿತು. ಹತ್ತೊಂಬತ್ತು ಪಟ್ಟು! ಹಾಗೆ ತಿದ್ದಿಕೊಂಡದ್ದು ಆ ಸರ್ಕಾರದ ದೊಡ್ಡತನ ಎಂದೇ ನಾನು ಹೇಳುತ್ತೇನೆ.

ಎರಡನೆಯ ತಕರಾರಿಗೆ ಇಷ್ಟು ಸದ್ದಿಲ್ಲ. ಗೆರೆಯ ಆಚೆಗೋ ಈಚೆಗೋ ನಿಲ್ಲಿಸುವುದು ಯಾರನ್ನು? ಒಬ್ಬ ಮನುಷ್ಯನನ್ನೇ, ಒಂದು ಒಲೆಯ ಸುತ್ತ ಕುಳಿತವರನ್ನೇ, ಇಲ್ಲ ಒಂದು ಪಡಿತರ ಚೀಟಿಯಲ್ಲಿ ಹೆಸರಿರುವವರನ್ನೇ?

ದಕ್ಷಿಣ ಕೊರಿಯಾ ಇದರಲ್ಲಿ ಕೈ ಸುಟ್ಟುಕೊಂಡ ದೇಶ. 1997ರ ಆರ್ಥಿಕ ಕುಸಿತದ ಹೊಡೆತಕ್ಕೆ ಜನ ಬೀದಿಗೆ ಬಿದ್ದ ಮೇಲೆ ಅಲ್ಲಿ ಒಂದು ಒಳ್ಳೆಯ ಕಾನೂನು ಬಂತು. 2000ದ ಅಕ್ಟೋಬರಿನಿಂದ, ಬಡವರಿಗೆ ಜೀವನಾಧಾರ ಕೊಡುವುದು ಸರ್ಕಾರದ ಹೊಣೆಯಾಯಿತು. ಆದರೆ ಸಾಕಬಲ್ಲ ಮಗನೋ ಮಗಳೋ ಇರಬಾರದು ಎಂಬ ಷರತ್ತೊಂದು ಜೊತೆಗಿತ್ತು. ಮಗ ದುಡ್ಡು ಕಳಿಸುತ್ತಾನೋ ಇಲ್ಲವೋ, ವರ್ಷಕ್ಕೊಮ್ಮೆ ಮುಖ ತೋರಿಸುತ್ತಾನೋ ಇಲ್ಲವೋ, ಅವನಿಗೆ ಸಂಬಳ ಇದ್ದರೆ ತಾಯಿ ಕಾಗದದ ಮೇಲೆ ಬಡವಳಲ್ಲ. ಅಂಥ ಸಿರಿವಂತ ದೇಶದಲ್ಲಿ ನೂರು ವೃದ್ಧರಲ್ಲಿ ಸುಮಾರು 40 ಮಂದಿ ಬಡವರಾಗಿ ಉಳಿದರು. ವಸತಿ ನೆರವಿಗೆ ಈ ಷರತ್ತನ್ನು 2018ರಲ್ಲಿ ತೆಗೆದರು. ಜೀವನಾಧಾರದ ಹಣಕ್ಕೆ, ತೀರಾ ಶ್ರೀಮಂತ ಮಕ್ಕಳಿರುವವರನ್ನು ಬಿಟ್ಟು ಉಳಿದವರಿಗೆಲ್ಲ, 2021ರಲ್ಲಿ. ಇಪ್ಪತ್ತೊಂದು ವರ್ಷ ಬೇಕಾಯಿತು.

ಥಾಯ್ಲೆಂಡ್ 2009ರಲ್ಲಿ ಬೇರೆ ದಾರಿ ಹಿಡಿಯಿತು. ವೃದ್ಧರ ಭತ್ಯೆಗೆ ಅರವತ್ತು ದಾಟಿರಬೇಕು, ಸರ್ಕಾರಿ ಪಿಂಚಣಿ ಇರಬಾರದು, ಅಷ್ಟೇ. ಈಗ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 600ರಿಂದ 1,000 ಬಾತ್ ಕೊಡುತ್ತಾರೆ. ಮೊತ್ತ ಹೆಚ್ಚಿಲ್ಲ, ನಿಜ. ಆದರೆ ಮಗನ ಸಂಬಳ ಎಷ್ಟು ಎಂದು ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ನನಗೆ ಇದೇ ಮೇಲು ಅನ್ನಿಸುತ್ತದೆ.

ನಮ್ಮಲ್ಲಿಗೆ ಬರೋಣ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಹತ್ತು ವರ್ಷ ಅದನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. 2023ರಲ್ಲಿ ಆ ಯಜಮಾನಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಬಂತು ನೋಡಿ, ಅರಳಿಕಟ್ಟೆಯಲ್ಲಿ, ಡೈರಿಯ ಮುಂದೆ ಕ್ಯಾನು ಹಿಡಿದ ಸಾಲಿನಲ್ಲಿ, ಬಸ್ಸಿನಲ್ಲಿ ಎಲ್ಲಾ ಕಡೆ ಒಂದೇ ಮಾತು: ಅತ್ತೆಗೋ, ಸೊಸೆಗೋ? ಜನ ನಕ್ಕರು. ನನಗೇನೋ ಅದು ಕೊರಿಯಾ ಇಪ್ಪತ್ತೊಂದು ವರ್ಷ ತಲೆ ಕೆರೆದುಕೊಂಡ ಪ್ರಶ್ನೆಯೇ ಅನ್ನಿಸಿತು.

ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ವರ್ಷಕ್ಕೆ 1 ಲಕ್ಷ 20 ಸಾವಿರ ದಾಟಬಾರದು. ಅಂದರೆ ತಿಂಗಳಿಗೆ ಹತ್ತು ಸಾವಿರ. ಮನೆಯಲ್ಲಿ ಇಬ್ಬರಿದ್ದರೆ ತಲೆಗೆ ಐದು ಸಾವಿರ. ಆರು ಜನರಿದ್ದರೆ 1,666. ಮಿತಿ ಮಾತ್ರ ಅದೇ. ದೇಶದ ಹಳ್ಳಿಗಳಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 3,773 ರೂಪಾಯಿ ಎಂದು 2022–23ರ ಸರ್ಕಾರಿ ಮನೆಖರ್ಚಿನ ಸಮೀಕ್ಷೆಯೇ ಹೇಳುತ್ತದೆ. ನರಸಾಪುರದ ಕಾರ್ಖಾನೆಗೆ ಮಗನೊಬ್ಬ ಕಂಪನಿ ಬಸ್ಸು ಹತ್ತಿದ ಎಂದರೆ, ಆರು ಜನರ ಮನೆ ಆ ತಿಂಗಳೇ ಮಿತಿ ದಾಟುತ್ತದೆ. ಕಾರ್ಡಿನಲ್ಲಿ ಮನೆಯನ್ನು ಎರಡು ಮಾಡಿದರೆ ಅತ್ತೆಯ ಭಾಗವಾದರೂ ಮಿತಿಯೊಳಗೆ ಉಳಿಯುತ್ತದೆ. ಈ ಲೆಕ್ಕವನ್ನು ಯಾವ ಮೇಷ್ಟರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಕಡೆ "ಬೇರೆ ಒಲೆ ಹೂಡಿದರು" ಎಂದರೆ ಜಗಳವಾಗಿ ಮನೆ ಒಡೆಯಿತು ಎಂದರ್ಥ. ಹೇಳುವವರು ದನಿ ತಗ್ಗಿಸಿ ಹೇಳುತ್ತಿದ್ದರು. ಈಗ ಸೈಬರ್ ಅಂಗಡಿಯಲ್ಲಿ ಗಟ್ಟಿಯಾಗಿಯೇ ಹೇಳುತ್ತಾರೆ. ಜಗಳವಿಲ್ಲದೆ ಮನೆ ಒಡೆಯುವುದನ್ನು ಕಲಿಸಿದ್ದು ಒಂದು ಅರ್ಜಿ ನಮೂನೆ. ಹಾಗೆ ಒಡೆದವರನ್ನು ಕಳ್ಳರು ಎಂದು ಬೈಯುವವರಿದ್ದಾರೆ. ನನಗೆ ಬಾಯಿ ಬರುವುದಿಲ್ಲ. ಅರವತ್ತರಿಂದ ಎಪ್ಪತ್ತೊಂಬತ್ತರ ಬಡ ವೃದ್ಧರಿಗೆ ಪಿಂಚಣಿಯಲ್ಲಿ ಕೇಂದ್ರದ ಪಾಲು ಇವತ್ತಿಗೂ ತಿಂಗಳಿಗೆ 200 ರೂಪಾಯಿ. ಅದಕ್ಕೂ ಬಿಪಿಎಲ್ ಆಗಿರಬೇಕು.

ಹೋದ ಅವರೆಕಾಯಿ ಕಾಲದಲ್ಲಿ ಆ ಹಳ್ಳಿಗೆ ಒಂದು ಮದುವೆಗೆ ಹೋಗಿದ್ದೆ. ಅಜ್ಜಿ ಇದ್ದಾರೆ, ಸ್ವಲ್ಪ ಬಾಗಿದ್ದಾರೆ. ಹಿತ್ತಲಿನ ಒಲೆ ಮಳೆಗೆ ಕುಸಿದು, ಆ ಜಾಗದಲ್ಲಿ ಮೊಮ್ಮಗನ ಬೈಕು ನಿಂತಿದೆ. ಊಟ ಸೊಸೆಯ ಕೈಯದೇ. ನನ್ನನ್ನು ಗುರುತು ಹಿಡಿದು, ಹಳೆಯ ಪ್ರಶ್ನೆಯನ್ನು ಅವರೇ ತೆಗೆದರು.

"ಈಗ ಒಲೆ ಒಂದೇ ಮೇಷ್ಟ್ರೇ, ಕಾರ್ಡು ಎರಡು" ಎಂದು ನಕ್ಕರು. ಆಮೇಲೆ ಸ್ವಲ್ಪ ಹತ್ತಿರ ಬಂದು, "ಇದನ್ನು ಬರೆದುಕೊಳ್ಳಬೇಡಿ" ಎಂದರು.

ಬರೆದುಕೊಳ್ಳಲಿಲ್ಲ. ನಿಮಗೂ ಆ ಹಳ್ಳಿಯ ಹೆಸರು ಹೇಳಿಲ್ಲ, ಗಮನಿಸಿದ್ದೀರಲ್ಲ. ನಮಸ್ಕಾರ.