ಅಭ್ಯಾಸ ಪಂದ್ಯಕ್ಕೆ ಒಂದು ಲಕ್ಷ ಜನ! ಅದನ್ನು ನೋಡಿ ಹೊಸ ಹುಡುಗರು ಆ ಕಾಲೇಜು ಸೇರ್ತಾರಾ?

[ಪರದೆ ಮೇಲೆ: ತುಂಬಿದ ಓಹಾಯೊ ಸ್ಟೇಡಿಯಂ, ಮೇಲಿಂದ ತೆಗೆದ ಚಿತ್ರ]

2016ರ ಏಪ್ರಿಲ್ 16, ಶನಿವಾರ. ಅಮೆರಿಕದ ಕೊಲಂಬಸ್ ನಗರದ ಸ್ಟೇಡಿಯಂನಲ್ಲಿ 1,00,189 ಜನ. ಎದುರಾಳಿ ತಂಡ ಯಾವುದು ಗೊತ್ತಾ? ಯಾವುದೂ ಇಲ್ಲ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗರು ಎರಡು ಗುಂಪಾಗಿ ತಮ್ಮತಮ್ಮಲ್ಲೇ ಆಡಿದ್ರು. ಗೆದ್ದವರಿಗೆ ಪಾಯಿಂಟ್ ಇಲ್ಲ, ಸೋತವರಿಗೆ ನಷ್ಟ ಇಲ್ಲ. ಅದೇ ದಿನ ಜಾರ್ಜಿಯಾದ ಅಥೆನ್ಸ್‌ನಲ್ಲಿ ಇಂಥದ್ದೇ ಪಂದ್ಯಕ್ಕೆ 93,000 ಜನ.

ನಮಸ್ಕಾರ. ಕಾಲೇಜು ಫುಟ್‌ಬಾಲ್, ಅಂದ್ರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡೋ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಹಿಂದೊಮ್ಮೆ ಮಾಡಿದ ವಿಡಿಯೋ ನೋಡಿ, ಅಮೆರಿಕದಲ್ಲಿ ಓದ್ತಿರೋ ಕೆಲವರು ಒಂದೇ ಪ್ರಶ್ನೆ ಕಳಿಸಿದ್ರಿ. ಈ ಸ್ಪ್ರಿಂಗ್ ಗೇಮ್‌ಗೆ ಜನ ಸೇರಿದ್ರೆ ಒಳ್ಳೊಳ್ಳೆ ಹೊಸ ಆಟಗಾರರು ಸಿಗ್ತಾರೆ ಅಂತ ಅಭಿಮಾನಿಗಳು ನಂಬ್ತಾರಲ್ಲ, ಅದು ನಿಜಾನಾ?

ಮೊದಲು ಬೇಗ ಬೇಗ ಹಿನ್ನೆಲೆ. ಸೀಸನ್ ಆಗಸ್ಟ್ ಕೊನೆಯಿಂದ ಜನವರಿ ತನಕ. ವಸಂತದಲ್ಲಿ ತಂಡಗಳಿಗೆ 15 ದಿನದ ಅಭ್ಯಾಸಕ್ಕೆ ಅನುಮತಿ, ಅದರ ಕೊನೆಗೆ ಈ ಪಂದ್ಯ. ಹೈಸ್ಕೂಲ್ ಹುಡುಗರನ್ನು ಕಾಲೇಜುಗಳಿಗೆ ಹಂಚೋ ವ್ಯವಸ್ಥೆ ಇಲ್ಲ. ಯಾವ ಕಾಲೇಜು ಅಂತ ಹುಡುಗನೇ ತೀರ್ಮಾನಿಸ್ತಾನೆ, ಕೋಚ್ ಅವನ ಮನೆ ಬಾಗಿಲಿಗೆ ಹೋಗಿ ಒಪ್ಪಿಸಬೇಕು. ಇದೇ ರಿಕ್ರೂಟಿಂಗ್.

ಬರೀ ಅಭ್ಯಾಸ ನೋಡೋಕೆ ಯಾಕೆ ಹೋಗ್ತಾರೆ ಅಂತ ಆಶ್ಚರ್ಯ ಪಡಬೇಡಿ. ಮೈಸೂರಲ್ಲಿ ದಸರಾಗೆ ಮುಂಚೆ ಮರಳಿನ ಮೂಟೆ ಹೊತ್ತು ಬನ್ನಿಮಂಟಪದ ಕಡೆ ನಡೆಯೋ ಆನೆಗಳನ್ನು ನೋಡೋಕೆ ರಸ್ತೆ ಬದಿ ಜನ ನಿಲ್ತಾರಲ್ಲ? ಅಂಬಾರಿ ಇರಲ್ಲ, ದೀಪಾಲಂಕಾರ ಇರಲ್ಲ. ಆದ್ರೂ ಈ ವರ್ಷ ಯಾವ ಆನೆ ಹೇಗಿದೆ ಅಂತ ನೋಡಲೇಬೇಕು. ಇವರದ್ದೂ ಅದೇ ಚಪಲ.

ಈಗ ಅಸಲಿ ವಿಷಯ. ಈ ನಂಬಿಕೆಗೆ ಜೀವ ಬಂದದ್ದು 2007ರಲ್ಲಿ, ಅಲಬಾಮಾದಲ್ಲಿ. ಹಿಂದಿನ ಸೀಸನ್‌ನಲ್ಲಿ 6 ಗೆಲುವು, 7 ಸೋಲು. ಕೋಚ್ ಅನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ರು. ವೃತ್ತಿಪರ ತಂಡ ಬಿಟ್ಟು ನಿಕ್ ಸೇಬನ್ ಬಂದ್ರು. ಏಪ್ರಿಲ್ 21ರಂದು ಟಸ್ಕಲೂಸಾದ ಬ್ರಯಂಟ್-ಡೆನಿ ಸ್ಟೇಡಿಯಂನಲ್ಲಿ ಸೇರಿದವರು 92,138 ಜನ. ಅದು ಆ ಸ್ಟೇಡಿಯಂನ ಅಂದಿನ ಪೂರ್ತಿ ಸಾಮರ್ಥ್ಯ. ಆಗ ಇಡೀ ಊರಿನ ಜನಸಂಖ್ಯೆಯೂ ಹೆಚ್ಚುಕಮ್ಮಿ ಅಷ್ಟೇ. ಜಾಗ ಸಾಲದೆ ಹೊರಗಿಂದಲೇ ವಾಪಸ್ ಹೋದವರೂ ಇದ್ದರು.

ಮುಂದಿನ ಫೆಬ್ರವರಿಯಲ್ಲಿ ಅಲಬಾಮಾಗೆ ಸಹಿ ಹಾಕಿದ ಹುಡುಗರ ಪಟ್ಟಿ ನೋಡಿ: ಹೂಲಿಯೊ ಜೋನ್ಸ್, ಮಾರ್ಕ್ ಇಂಗ್ರಂ, ಮಾರ್ಸೆಲ್ ಡೇರಿಯಸ್, ಮಾರ್ಕ್ ಬ್ಯಾರನ್. 2009ರ ಸೀಸನ್‌ನಲ್ಲಿ ತಂಡಕ್ಕೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ಬಂತು. ಇಂಗ್ರಂಗೆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿ, ಅಲಬಾಮಾ ಇತಿಹಾಸದಲ್ಲೇ ಮೊದಲನೆಯದು. ಏಪ್ರಿಲ್‌ನಲ್ಲಿ ನಾವು ಹೋಗಿ ಕೂತಿದ್ದಕ್ಕೇ ಇದೆಲ್ಲ ಆಯ್ತು ಅಂತ ಅಭಿಮಾನಿಗಳಿಗೆ ಅನಿಸಿದ್ರೆ ಅವರನ್ನ ತಪ್ಪು ಅನ್ನೋಕಾಗುತ್ತಾ?

2007ರ ಆ ದಿನ ಸೇಬನ್ ಜೊತೆ ಸಹಾಯಕ ಕೋಚ್ ಆಗಿದ್ದವರಲ್ಲಿ ಕರ್ಬಿ ಸ್ಮಾರ್ಟ್ ಒಬ್ಬರು. ಒಂಬತ್ತು ವರ್ಷ ಬಿಟ್ಟು ಅವರೇ ಜಾರ್ಜಿಯಾದ ಮುಖ್ಯ ಕೋಚ್. ಬಂದವರೇ, ಸ್ಟೇಡಿಯಂ ತುಂಬಿಸಿ ಕೊಡಿ, 93,000 ಜನ ಬನ್ನಿ ಅಂತ ಬಹಿರಂಗವಾಗಿ ಕೇಳಿದ್ರು. ಲೂಡಕ್ರಿಸ್ ಸಂಗೀತ ಕಾರ್ಯಕ್ರಮ ಬೇರೆ. ಜನ ಮಾತು ಉಳಿಸಿಕೊಂಡ್ರು. 2018ಕ್ಕೆ ಜಾರ್ಜಿಯಾದ ಹೊಸಬರ ತಂಡಕ್ಕೆ ದೇಶದಲ್ಲೇ ಮೊದಲ ರ‍್ಯಾಂಕ್. 2021, 2022 ಎರಡೂ ಸೀಸನ್ ಚಾಂಪಿಯನ್.

[ಪರದೆ ಮೇಲೆ: ಗ್ಯಾಲರಿಯಿಂದ ಮೈದಾನದ ಅಂಚಿಗೆ ಬಾಣದ ಗುರುತು]

ಆ ಪಂದ್ಯದ ದಿನ ಮೈದಾನದ ಅಂಚಲ್ಲಿ ಏನು ನಡೆಯುತ್ತೆ ನೋಡಿ. ಹದಿನಾರು ಹದಿನೇಳರ ಹುಡುಗರು ಅಪ್ಪ ಅಮ್ಮನ ಜೊತೆ ನಿಂತಿರ್ತಾರೆ. ಹೆಚ್ಚಿನವರದ್ದು ಸ್ವಂತ ಖರ್ಚಿನ ಭೇಟಿ: ತಮ್ಮ ಕಾರಲ್ಲೇ ಬರಬೇಕು, ಊಟಕ್ಕೂ ತಾವೇ ಕೊಡಬೇಕು. ಹುಡುಗನ ಹೆಸರನ್ನು ಜನರ ಮುಂದೆ ಮೈಕಲ್ಲಿ ಕೂಗಿ ಪರಿಚಯಿಸೋಕೆ, ಕಾಲೇಜು ಕ್ರೀಡೆ ನೋಡಿಕೊಳ್ಳೋ ಸಂಸ್ಥೆ ಎನ್‌ಸಿಎಎ ನಿಯಮ ಬಿಡಲ್ಲ. ಹೆಸರು ಹಿಡಿದು ಸ್ವಾಗತಿಸೋ ಹಾಗಿಲ್ಲ ಅಂದ ಮೇಲೆ ಕಾಲೇಜು ತೋರಿಸಬಹುದಾದದ್ದು ಒಂದೇ, ತುಂಬಿದ ಗ್ಯಾಲರಿ. ಲೆಕ್ಕಕ್ಕಿಲ್ಲದ ಪಂದ್ಯಕ್ಕೇ ಇಷ್ಟು ಜನ ಅಂದ್ರೆ ನವೆಂಬರ್‌ನಲ್ಲಿ ಹೇಗಿರಬಹುದು ಅಂತ ಹುಡುಗ ತಾನೇ ಊಹಿಸಿಕೊಳ್ತಾನೆ.

ಹಾಗಾದ್ರೆ ಜನ ಸೇರಿದ್ರೆ ಸಾಕಾ? ಸಾಲಲ್ಲ. ನೆಬ್ರಾಸ್ಕಾ ನೋಡಿ. 2008ರ ಸ್ಪ್ರಿಂಗ್ ಗೇಮ್‌ಗೆ 80,149 ಜನ. 2023ರಲ್ಲಿ ಹೊಸ ಕೋಚ್ ಮ್ಯಾಟ್ ರೂಲ್ ಬಂದಾಗ 66,045. ಅಷ್ಟು ನಿಷ್ಠೆಯ ಜನ ದೇಶದಲ್ಲಿ ಅಪರೂಪ, 1962ರಿಂದ ಅವರ ಸೀಸನ್ ಪಂದ್ಯಗಳ ಟಿಕೆಟ್ ಖಾಲಿಯಾಗದೆ ಉಳಿದದ್ದೇ ಇಲ್ಲ. ಆದ್ರೆ 2017ರಿಂದ 2023ರವರೆಗೆ ಸೀಸನ್ ಕೊನೆಗೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗೋ ಬೌಲ್ ಪಂದ್ಯ ಇದೆಯಲ್ಲ, ಅಂಥ ಒಂದಕ್ಕೂ ತಂಡ ಹೋಗಲಿಲ್ಲ. ಕಾರಣ ಭೂಗೋಳದಲ್ಲಿದೆ. ಇಡೀ ರಾಜ್ಯದಲ್ಲಿ 20 ಲಕ್ಷ ಜನ. ಅಥೆನ್ಸ್‌ನಿಂದ ಅಟ್ಲಾಂಟಾ ನೂರು ಚಿಲ್ಲರೆ ಕಿಲೋಮೀಟರ್, ಅಲ್ಲಿನ ಒಳ್ಳೆ ಆಟಗಾರ ಬೆಳಗ್ಗೆ ಕಾರು ಹತ್ತಿ ಮಧ್ಯಾಹ್ನದ ಆಟ ನೋಡಿ ರಾತ್ರಿ ಮನೆ ಸೇರಬಹುದು. ನೆಬ್ರಾಸ್ಕಾ ತಂಡದ ಊರು ಲಿಂಕನ್‌ಗೆ ಹಾಗೆ ಬರೋಕೆ ಸುತ್ತಮುತ್ತ ಅಷ್ಟು ಹುಡುಗರೇ ಇಲ್ಲ. ನನ್ನ ಪ್ರಕಾರ, ಹತ್ತಿರದಲ್ಲಿ ಪ್ರತಿಭೆ ಇದ್ದು, ಕೋಚ್ ಮೇಲೆ ಭರವಸೆ ಇದ್ದಾಗ ಮಾತ್ರ ಈ ಜನಸಾಗರ ಕೆಲಸಕ್ಕೆ ಬರುತ್ತೆ. ಬರೀ ಜನರಿಂದ ಆಗಲ್ಲ.

ಈಗ ನನಗೆ ಬಹಳ ಇಷ್ಟವಾದ ಪಂದ್ಯಕ್ಕೆ ಬರ್ತೀನಿ. ಕೊಲರಾಡೊ, 2023ರ ಏಪ್ರಿಲ್ 22. ಹಿಂದಿನ ಸೀಸನ್ 1 ಗೆಲುವು, 11 ಸೋಲು. ಹಿಂದೆ ಆಟಗಾರನಾಗಿ ದೊಡ್ಡ ಹೆಸರು ಮಾಡಿದ್ದ ಡಿಯೊನ್ ಸ್ಯಾಂಡರ್ಸ್ ಕೋಚ್ ಆಗಿ ಬಂದ್ರು. ಹಿಂದಿನ ವರ್ಷ ಎರಡು ಸಾವಿರವೂ ದಾಟದ ಪಂದ್ಯಕ್ಕೆ ಈ ಸಲ 47,277 ಜನ, ಅದೂ ಆ ಚಳಿಯಲ್ಲಿ. ಈಎಸ್‌ಪಿಎನ್‌ನಲ್ಲಿ ನೇರ ಪ್ರಸಾರ. ಅವತ್ತಿನ ಹೀರೊ ಮೊಂಟಾನಾ ಲೆಮೋನಿಯಸ್-ಕ್ರೇಗ್. ಕೋಚ್ ಮಗ ಶೆಡೂರ್ ಎಸೆದ ಚೆಂಡು ಹಿಡಿದು, 98 ಗಜದ ಟಚ್‌ಡೌನ್! ತಮ್ಮ ಗೋಲ್ ಗೆರೆಯ ಪಕ್ಕದಿಂದ ಹೊರಟು ಆ ತುದಿ ಮುಟ್ಟಿದ. ಒಟ್ಟು ಮೂರು ಕ್ಯಾಚ್, 154 ಗಜ. ಇಡೀ ಸ್ಟೇಡಿಯಂ ಎದ್ದು ನಿಂತಿತ್ತು.

ಆಮೇಲೆ? ಕೆಲವೇ ದಿನಗಳಲ್ಲಿ ಅದೇ ಹುಡುಗ ಟ್ರಾನ್ಸ್‌ಫರ್ ಪೋರ್ಟಲ್‌ಗೆ, ಅಂದ್ರೆ ಕಾಲೇಜು ಬದಲಿಸೋ ಆಟಗಾರರ ಪಟ್ಟಿಗೆ ಹೆಸರು ಕೊಟ್ಟು ಅರಿಜೋನಾಗೆ ಹೊರಟ.

ಸ್ವಲ್ಪ ಯೋಚಿಸಿ. ಹೊಸಬರನ್ನ ಸೆಳೀಬೇಕು ಅಂತ ಹಾಕಿದ ವೇದಿಕೆ, ಇದ್ದವನನ್ನೇ ಬೇರೆಯವರಿಗೆ ತೋರಿಸಿಕೊಡ್ತು. 2007ರಲ್ಲಿ ಹೀಗೆ ಆಗೋ ಹಾಗಿರಲಿಲ್ಲ, ಕಾಲೇಜು ಬದಲಿಸಿದವನು ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ ಪೋರ್ಟಲ್ ಬಂತು, 2021ರಲ್ಲಿ ಒಂದು ಸಲ ಬದಲಿಸಿದ್ರೆ ಕೂರಬೇಕಿಲ್ಲ ಅಂತ ಆಯ್ತು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ದುಡ್ಡು ಮಾಡಬಹುದು ಅಂತಲೂ ಆಯ್ತು. ಆಗ ಸ್ಪ್ರಿಂಗ್ ಗೇಮ್ ನಡೀತಿದ್ದದ್ದು, ಪೋರ್ಟಲ್ ತೆರೀತಿದ್ದದ್ದು, ಎರಡೂ ಏಪ್ರಿಲ್‌ನಲ್ಲೇ!

ಟೈಮ್ ಕಮ್ಮಿ ಇದೆ, ಉಳಿದದ್ದು ಬೇಗ ಹೇಳ್ತೀನಿ. 2025ರಲ್ಲಿ ಅದೇ ನೆಬ್ರಾಸ್ಕಾ ಸ್ಪ್ರಿಂಗ್ ಗೇಮ್ ರದ್ದು ಮಾಡ್ತು. ಹಿಂದಿನ ವರ್ಷ ಟಿವಿಯಲ್ಲಿ ನೋಡಿ ನಮ್ಮ ಹುಡುಗರಿಗೆ ಬೇರೆಯವರು ಆಸೆ ತೋರಿಸಿದ್ರು ಅನ್ನೋದು ಕೋಚ್ ಮ್ಯಾಟ್ ರೂಲ್ ಕೊಟ್ಟ ಕಾರಣ. ಟೆಕ್ಸಾಸ್ ಕೂಡ ಬೇಡ ಅಂತು, ಅವರು ಹಿಂದಿನ ಸೀಸನ್‌ನಲ್ಲಿ 16 ಪಂದ್ಯ ಆಡಿ ದಣಿದಿದ್ರು. ಬೇರೆ ಕಾಲೇಜಿನ ಜೊತೆ ಆಡ್ತೀನಿ ಅಂತ ಸ್ಯಾಂಡರ್ಸ್ ಕೇಳಿದ್ರು, ಸಿರಾಕ್ಯೂಸ್ ಒಪ್ಪಿತ್ತು, ಎನ್‌ಸಿಎಎ ಬಿಡಲಿಲ್ಲ. ಹೈಸ್ಕೂಲ್ ಹುಡುಗರೂ ಈಗ ಫೆಬ್ರವರಿ ತನಕ ಕಾಯಲ್ಲ, 2017ರಿಂದ ಹೆಚ್ಚಿನವರು ಡಿಸೆಂಬರ್‌ನಲ್ಲೇ ಸಹಿ ಹಾಕ್ತಾರೆ.

ಆದ್ರೆ ಒಂದು ಬದಲಾವಣೆ ಬಂದಿದೆ. ಏಪ್ರಿಲ್‌ನ ಪೋರ್ಟಲ್ ಅವಧಿಯನ್ನೇ ತೆಗೆದು, 2026ರಿಂದ ಜನವರಿಯಲ್ಲಿ ಮಾತ್ರ ಇಟ್ಟಿದ್ದಾರೆ. ಅಂದ್ರೆ ಏಪ್ರಿಲ್‌ನಲ್ಲಿ ಮಿಂಚಿದ ಹುಡುಗ ಮೇ ತಿಂಗಳಿಗೆ ಹೊರಟುಹೋಗೋ ದಾರಿ ಮುಚ್ಚಿತು. ಹಾಗಾಗಿ ರದ್ದು ಮಾಡೋಕೆ ಕೊಟ್ಟಿದ್ದ ದೊಡ್ಡ ನೆಪ ಹೋಯ್ತು. ಇನ್ನು ಪಂದ್ಯ ಮತ್ತೆ ಶುರು ಮಾಡಲೇಬೇಕು, ಸ್ಯಾಂಡರ್ಸ್ ಕೇಳಿದ ಹಾಗೆ ಎರಡು ಕಾಲೇಜುಗಳ ನಡುವೆ ಆಡೋಕೂ ಬಿಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸೀಸನ್ ಟಿಕೆಟ್ ಸಿಗದ, ಸಿಕ್ಕರೂ ಕೊಳ್ಳೋಕಾಗದ ಸಂಸಾರಗಳು ಮಕ್ಕಳನ್ನ ಕರ್ಕೊಂಡು ಒಳಗೆ ಹೋಗ್ತಿದ್ದದ್ದು ಈ ಒಂದು ದಿನವೇ.

ನಿಮ್ಮಲ್ಲಿ ಯಾರಾದರೂ ಕೊಲಂಬಸ್‌ನಲ್ಲೋ ಲಿಂಕನ್‌ನಲ್ಲೋ ಇಂಥ ಪಂದ್ಯಕ್ಕೆ ಹೋಗಿದ್ರೆ, ಮೈದಾನದ ಅಂಚಲ್ಲಿ ನಿಂತ ಆ ಹುಡುಗರ ಮುಖದಲ್ಲಿ ಏನು ಕಂಡಿರಿ ಅಂತ ಬರೀರಿ. ಒಳ್ಳೆಯದನ್ನ ಮುಂದಿನ ವಿಡಿಯೋದಲ್ಲಿ ಓದ್ತೀನಿ.