ಬೆಂಗಳೂರಿನಲ್ಲಿ ಕೂತು ಲಿವರ್‌ಪೂಲ್‌ಗೆ ಜೈ ಅನ್ನುವುದು

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಫುಟ್‌ಬಾಲ್ ತಂಡ ಲಿವರ್‌ಪೂಲ್‌ನ ಅಭಿಮಾನಿ ಅಂತ ಹೇಳಿಕೊಂಡರೆ ನಮ್ಮಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: "ಆ ಊರಿಗೂ ನಿಮಗೂ ಏನ್ರೀ ಸಂಬಂಧ?" ನ್ಯಾಯವಾದ ಪ್ರಶ್ನೆ. ಇವತ್ತು ಅದಕ್ಕೆ ಉತ್ತರ ಹೇಳಬೇಕು ಅಂತಲೇ ಬಂದಿದ್ದೇನೆ.

ದೂರದ ಅಭಿಮಾನಿಗೆ ಎಲ್ಲಕ್ಕಿಂತ ಮೊದಲು ಎದುರಾಗುವುದು ಗಡಿಯಾರ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆಯ ಪಂದ್ಯ ನಮಗೆ ಸಂಜೆ 7.30ಕ್ಕೆ. ಅಕ್ಟೋಬರ್ ಕೊನೆಯಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 8.30ಕ್ಕೆ. ಅಲ್ಲಿವರೆಗೆ ತೊಂದರೆ ಇಲ್ಲ. ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್ ಬಂದರೆ ನಡುರಾತ್ರಿ 12.30, ಚಳಿಗಾಲದಲ್ಲಿ 1.30. ರಾತ್ರಿಯಿಡೀ ಕೂತು ಸೋಲು ನೋಡಿ ಬೆಳಿಗ್ಗೆ ಆಫೀಸಿಗೆ ಹೋದರೆ ಪಕ್ಕದಲ್ಲಿ ಕೂತವರಿಗೆ ಪಂದ್ಯ ಇತ್ತು ಅಂತಲೇ ಗೊತ್ತಿರುವುದಿಲ್ಲ. ಆ ಒಂಟಿತನ ಸೋಲಿಗಿಂತ ಜಾಸ್ತಿ ಕಾಡುತ್ತದೆ.

ಹಾಗಂತ ಖುಷಿ ಕಡಿಮೆಯೇನಲ್ಲ. 2005ರ ಮೇ 25, ಇಸ್ತಾಂಬುಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಹಾಫ್ ಟೈಮ್ ಹೊತ್ತಿಗೆ ಎಸಿ ಮಿಲಾನ್ 3, ಲಿವರ್‌ಪೂಲ್ 0. ನಮ್ಮಲ್ಲಿ ಆಗ ರಾತ್ರಿ ಒಂದು ಗಂಟೆ. ಟಿವಿ ಆರಿಸಿ ಮಲಗಿದವರು ಎಷ್ಟೋ ಜನ. ಎದ್ದು ಕೂತವರು 54ನೇ ನಿಮಿಷದಲ್ಲಿ ಜೆರಾರ್ಡ್, 56ರಲ್ಲಿ ಸ್ಮಿಟ್ಸರ್, 60ರಲ್ಲಿ ಅಲೊನ್ಸೊ ಗೋಲು ಹೊಡೆದದ್ದನ್ನು ನೋಡಿದರು. ಪೆನಾಲ್ಟಿಯಲ್ಲಿ ಗೆದ್ದಾಗ ಹಾಲಿನವರು ಬರುವ ಹೊತ್ತು ಹತ್ತಿರವಾಗಿತ್ತು. ಮನೆಯವರನ್ನು ಎಬ್ಬಿಸದೆ ಕುಣಿಯುವುದು ಹೇಗೆ ಅನ್ನುವುದನ್ನು ದೂರದ ಅಭಿಮಾನಿ ಮಾತ್ರ ಕಲಿಯುತ್ತಾನೆ.

2018-19ರಲ್ಲಿ 38 ಪಂದ್ಯಗಳಲ್ಲಿ ಒಂದೇ ಒಂದು ಸೋತು, 97 ಅಂಕ ಪಡೆದೂ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಟ್ಟ ಸಿಗಲಿಲ್ಲ. ಮ್ಯಾಂಚೆಸ್ಟರ್ ಸಿಟಿ 98 ಅಂಕ ಪಡೆಯಿತು. ಮರುವರ್ಷ, 30 ವರ್ಷ ಕಾದ ಮೇಲೆ ಪಟ್ಟ ಬಂತು. ಆದರೆ ಆಗ ಕೊರೊನಾ. 2020ರ ಜುಲೈನಲ್ಲಿ ತಂಡದ ಮೈದಾನ ಆನ್‌ಫೀಲ್ಡ್‌ನಲ್ಲಿ, ಅಭಿಮಾನಿಗಳು ತುಂಬಿರುವ ಕಾಪ್ ಸ್ಟ್ಯಾಂಡ್ ಖಾಲಿ ಇರುವಾಗಲೇ ಆಟಗಾರರು ಕಪ್ ಎತ್ತಿದರು. ಮೈದಾನದ ಪಕ್ಕದ ಬೀದಿಯವರೂ ನಮ್ಮ ಹಾಗೆ ಟಿವಿಯಲ್ಲೇ ನೋಡಬೇಕಾಯಿತು. ಆ ದಿನ ನನಗೆ ಖುಷಿಗಿಂತ ಸಂಕಟವೇ ಜಾಸ್ತಿ ಆಯಿತು. ಜೀವಮಾನವೆಲ್ಲ ಮಳೆ ಚಳಿಯಲ್ಲಿ ನಿಂತು ಕಾದವರಿಗೆ ಸಿಗಬೇಕಾದ ಹೊತ್ತು ಅದು, ಅಲ್ವಾ?

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಗೋಲು, ಕಪ್ ಇವುಗಳನ್ನು ಟಿವಿ ನಮ್ಮ ಮನೆಗೆ ತಂದುಕೊಡುತ್ತದೆ. ಊರಿನ ನೋವನ್ನು ತಂದುಕೊಡುವುದಿಲ್ಲ. ಅದನ್ನು ನಾವೇ ಹುಡುಕಿಕೊಂಡು ಹೋಗಬೇಕು.

1989ರ ಏಪ್ರಿಲ್ 15. ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಆಡುತ್ತಿದ್ದ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಸೆಮಿಫೈನಲ್. ಹೊರಗೆ ಜನ ಜಾಸ್ತಿಯಾದರು ಅಂತ ಪೊಲೀಸರು ಗೇಟ್ ತೆರೆಸಿದರು. ಒಳಗೆ ಬಂದವರನ್ನು ಆಗಲೇ ತುಂಬಿದ್ದ ನಡುವಿನ ಆವರಣಗಳಿಗೆ ಹೋಗದಂತೆ ಯಾರೂ ತಡೆಯಲಿಲ್ಲ. ಮುಂದೆ ಕಬ್ಬಿಣದ ಬೇಲಿ, ಹಿಂದಿನಿಂದ ಜನ. 97 ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಕೊನೆಯವರು ಅಂದಿನ ಗಾಯದಿಂದಲೇ 2021ರಲ್ಲಿ ತೀರಿಕೊಂಡರು. ತಪ್ಪೆಲ್ಲ ಅಭಿಮಾನಿಗಳದ್ದು ಅಂತ ಪೊಲೀಸರು ಹೇಳಿದರು. ದ ಸನ್ ಪತ್ರಿಕೆ ಆ ಸುಳ್ಳನ್ನೇ ಸತ್ಯ ಅಂತ ಮುಖಪುಟದಲ್ಲಿ ಹಾಕಿತು. ಲಿವರ್‌ಪೂಲ್‌ನ ಬಹಳ ಅಂಗಡಿಗಳಲ್ಲಿ ಇವತ್ತಿಗೂ ಆ ಪತ್ರಿಕೆ ಇಡುವುದಿಲ್ಲ. ಸತ್ತವರ ಮನೆಯವರು ಬಿಡದೆ ಹೋರಾಡಿದರು. 27 ವರ್ಷದ ಮೇಲೆ, 2016ರಲ್ಲಿ, ಅಭಿಮಾನಿಗಳದ್ದು ತಪ್ಪಿಲ್ಲ ಅಂತ ಜ್ಯೂರಿ ಹೇಳಿತು.

ಈಗಿನ ಜೆರ್ಸಿಯ ಹಿಂಭಾಗದಲ್ಲಿ, ಕತ್ತಿನ ಹತ್ತಿರ, ಎರಡು ಜ್ವಾಲೆಗಳ ನಡುವೆ 97 ಅಂತ ಇರುತ್ತದೆ. ಅದನ್ನು ಹಾಕಿಕೊಂಡು ಎಂ.ಜಿ. ರೋಡಿನಲ್ಲಿ ಓಡಾಡುವವರಿಗೆ ಆ ಸಂಖ್ಯೆ ಏನು ಅಂತ ಗೊತ್ತಿರಬೇಕು ಅನ್ನುವುದು ನನ್ನ ಹಠ. ಹಾಗೆಯೇ 1985ರ ಹೇಸೆಲ್ ಕ್ರೀಡಾಂಗಣದ ದುರಂತ ಕೂಡ ಗೊತ್ತಿರಬೇಕು. ಬ್ರಸೆಲ್ಸ್‌ನಲ್ಲಿ ಲಿವರ್‌ಪೂಲ್ ಅಭಿಮಾನಿಗಳು ನುಗ್ಗಿ, ಗೋಡೆ ಕುಸಿದು, 39 ಜನ ಸತ್ತರು. ಹೆಚ್ಚಿನವರು ಎದುರಾಳಿ ತಂಡ, ಇಟಲಿಯ ಯುವೆಂಟಸ್ ಕಡೆಯವರು. ಹೆಮ್ಮೆಯನ್ನು ಮಾತ್ರ ಆರಿಸಿಕೊಂಡು ಅದನ್ನು ಬಿಟ್ಟುಬಿಡುವುದಕ್ಕಾಗುವುದಿಲ್ಲ.

2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. "ಅವರ್ಯಾಕೆ ಅಲ್ಲಿಗೆ ಹೋಗಬೇಕಿತ್ತು" ಅನ್ನುವ ಮಾತು ನನ್ನ ಕಿವಿಗೂ ಬಿತ್ತು. ಹಿಲ್ಸ್‌ಬರೋ ಕಥೆ ಗೊತ್ತಿದ್ದರಿಂದ ಆ ಮಾತು ನನಗೆ ಸಹಿಸಲಾಗಲಿಲ್ಲ. ಸಂಭ್ರಮಕ್ಕೆ ಹೋದವರನ್ನು ದೂರುವುದು ಎಷ್ಟು ಸುಲಭ, ಅದನ್ನು ಅಳಿಸುವುದಕ್ಕೆ ಎಷ್ಟು ವರ್ಷ ಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಆ ದೂರದ ಊರು.

ಇನ್ನೊಂದು ವಿಷಯ ದುಡ್ಡಿನದು. ಪ್ರೀಮಿಯರ್ ಲೀಗ್‌ಗೆ ಟಿವಿ ಹಕ್ಕಿನ ದುಡ್ಡು ಹೊರದೇಶಗಳಿಂದಲೂ ಬರುತ್ತದೆ, ಅಂದರೆ ನಮ್ಮಂಥವರಿಂದ. ಶನಿವಾರ ಮಧ್ಯಾಹ್ನ 12.30ರ ಪಂದ್ಯ ನಮಗೆ ಸಂಜೆ ಕಾಫಿ ಹೊತ್ತಿಗೆ ಸರಿಯಾಗುತ್ತದೆ. ಬೇರೆ ಊರಿನ ಪಂದ್ಯಕ್ಕೆ ಹೋಗುವ ಅಲ್ಲಿಯ ಅಭಿಮಾನಿ ಅದಕ್ಕಾಗಿ ಬೆಳಗಿನ ಜಾವ ಮನೆ ಬಿಡಬೇಕು. ನಮ್ಮ ಅನುಕೂಲ ಅವರಿಗೆ ಕಷ್ಟ ಅನ್ನುವುದನ್ನು ನಾವು ಮರೆಯಬಾರದು. 2016ರ ಫೆಬ್ರುವರಿಯಲ್ಲಿ 77 ಪೌಂಡ್‌ನ ಟಿಕೆಟ್ ತರುತ್ತೇವೆ ಅಂತ ಲಿವರ್‌ಪೂಲ್ ಕ್ಲಬ್‌ನ ಮಾಲೀಕರು ಹೊರಟಾಗ, ಸಂಡರ್‌ಲ್ಯಾಂಡ್ ಪಂದ್ಯದ 77ನೇ ನಿಮಿಷದಲ್ಲಿ ಸಾವಿರಾರು ಜನ ಎದ್ದು ಹೊರನಡೆದರು. ತಂಡ ಆಗ 2-0 ಮುಂದಿತ್ತು. ಪಂದ್ಯ 2-2ಕ್ಕೆ ಮುಗಿಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಬೆಲೆ ಹಿಂದಕ್ಕೆ ತೆಗೆದುಕೊಂಡರು. 2021ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್ ಸೇರಿ ಯುರೋಪಿನ 12 ದೊಡ್ಡ ಕ್ಲಬ್‌ಗಳು ತಮ್ಮದೇ ಬೇರೆ ಸೂಪರ್ ಲೀಗ್ ಮಾಡುತ್ತೇವೆ ಅಂದಾಗಲೂ ಅಷ್ಟೇ. ಬೀದಿಗಿಳಿದವರು ಅಲ್ಲಿಯ ಅಭಿಮಾನಿಗಳು. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು.

ಇಂಥ ಹೊತ್ತಿನಲ್ಲಿ ದೂರದವರು ಯಾರ ಕಡೆ ನಿಲ್ಲಬೇಕು? ಊರಿನವರ ಕಡೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. 2008ರಲ್ಲಿ 38 ಪಂದ್ಯಗಳ ಜೊತೆಗೆ ಹೊರದೇಶದಲ್ಲಿ ಇನ್ನೊಂದು ಸುತ್ತು ಆಡಿಸುವ ಯೋಚನೆಯನ್ನು ಪ್ರೀಮಿಯರ್ ಲೀಗ್ ಮುಂದಿಟ್ಟಿತ್ತು. ವಿರೋಧ ಬಂದು ಅದು ಅಲ್ಲಿಗೇ ನಿಂತಿತು. ಅಂಥ ಲೀಗ್ ಪಂದ್ಯ ನಾಳೆ ಬೆಂಗಳೂರಿಗೇ ಬರುತ್ತದೆ ಅಂದರೂ ನಾನು ಬೇಡ ಅನ್ನುತ್ತೇನೆ. ನಮ್ಮ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಆಡುತ್ತದೆ, ಅಲ್ಲಿಗೆ ಹೋಗಿ ಕೂಗೋಣ. ಲಿವರ್‌ಪೂಲ್ ಪಂದ್ಯ ಆನ್‌ಫೀಲ್ಡ್‌ನಲ್ಲೇ ನಡೆಯಲಿ, ನಾವು ನಿದ್ದೆ ಬಿಟ್ಟು ನೋಡೋಣ.